ಸೊನ್ನೆಗಿಂತ ಕೆಳಗಿನ ತಗ್ಗು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿದ್ದಿದ್ದರೆ ನೀವು ಈಗಾಗಲೇ ಎರಡನೆಯ ಪುಟದಲ್ಲಿರುತ್ತಿದ್ದಿರಿ. ಕತ್ತಲಿನಿಂದ ಶುರು ಮಾಡೋಣವೆಂದರೆ ಹಾಗೆ ಶುರುವಾದ ಕಥೆಗಳಿಗೆ ಲೆಕ್ಕವಿಲ್ಲ. ಬೆಳಕಿನಿಂದ ಶುರು ಮಾಡೋಣವೆಂದರೆ ಇಲ್ಲಿರುವ ಬೆಳಕು ಕಣ್ಣಿಗೆ ಕಾಣುವಷ್ಟಿಲ್ಲ. ಅಮ್ಮನಿಂದ ಶುರು ಮಾಡಿದರೆ ಅವರು ಕಥೆಯನ್ನು ಪೂರ್ತಿ ತಮ್ಮ ಕೈಗೆ ತೆಗೆದುಕೊಂಡುಬಿಡುತ್ತಾರೆ. (ಆಮೇಲೆ ಹೇಗಿದ್ದರೂ ತೆಗೆದುಕೊಳ್ಳುತ್ತಾರೆ, ಆ ಮಾತು ಬೇರೆ.)

ಮೊದಲ ಡ್ರಾಫ್ಟಿನ ಮೊದಲ ವಾಕ್ಯ ಹೀಗಿತ್ತು: "ಕಪ್ಪು ಪರದೆಯ ಹಿಂದೆ, ಕತ್ತಲ ಕೋಣೆಯಲ್ಲಿ, ಅವಳು ಒಬ್ಬಳೇ ನಿಂತು ಬೆಳಕಿನ ಒಂದೇ ಒಂದು ಕಣಕ್ಕಾಗಿ ಕಾಯುತ್ತಿದ್ದಳು."

ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡು ಚಹಾ ಮಾಡಲು ಎದ್ದೆ. ಬಂದು ನೋಡಿದರೆ ಅವಳು ತಕರಾರು ತೆಗೆದಿದ್ದಳು.

"ನಿಂತಿರಲಿಲ್ಲ ರೀ, ಕೂತಿದ್ದೆ. ಅಲ್ಲಿ ನಿಲ್ಲೋಕೆ ಜಾಗ ಎಲ್ಲಿದೆ? ತಲೆ ಎತ್ತಿದ್ರೆ ಮೇಲಿನ ಶೆಲ್ಫಿಗೆ ಬಡಿಯುತ್ತೆ. ಆಮೇಲೆ, ಒಂದು ಕಣಕ್ಕಾಗಿ ಯಾರು ಕಾಯ್ತಾರೆ? ಸೆಕೆಂಡಿಗೆ ಸಾವಿರಾರು ಬರುತ್ತೆ, ಒಂದರ ಹಿಂದೆ ಒಂದು."

"ಒಂದೇ ಒಂದು ಅಂದ್ರೆ ಓದುಗರ ಮನಸ್ಸಿಗೆ ಹಿಡಿಸುತ್ತೆ" ಅಂದೆ.

"ಓದುಗರನ್ನ ಅಷ್ಟು ಹಗುರವಾಗಿ ತಗೋಬೇಡಿ" ಅಂದಳು.

ಇವಳನ್ನು ಲ್ಯಾಬಿನಲ್ಲಿ ಎಲ್ಲರೂ ಕತ್ತಲಕ್ಕ ಎನ್ನುತ್ತಾರೆ. ಕತ್ತಲಲ್ಲಿ ಕೆಲಸ ಮಾಡುವುದರಿಂದ ಬಂದ ಹೆಸರು. ಮುಖದ ಮುಂದೆಯೇ ಕರೆಯುವಷ್ಟು ಸಲಿಗೆಯೂ ಇದೆ, ಕರೆದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯುವಷ್ಟು ಅಂಜಿಕೆಯೂ ಇದೆ. ಲ್ಯಾಬು ಕಟ್ಟಡದ ನೆಲಮಾಳಿಗೆಯಲ್ಲಿದೆ. ಒಳಕೋಣೆಯ ಮುಕ್ಕಾಲು ಪಾಲನ್ನು ಒಂದೇ ಉಕ್ಕಿನ ಮೇಜು ನುಂಗಿಹಾಕಿದೆ. ಅದರ ಕಾಲುಗಳೊಳಗೆ ಗಾಳಿ ತುಂಬಿದ್ದಾರೆ. ಹೊರಗಿನ ರಸ್ತೆಯಲ್ಲಿ ಲಾರಿ ಹೋದರೂ ಮೇಜು ನಡುಗಬಾರದು. ಮೇಜಿನ ಮೇಲೆ ಹೆಬ್ಬೆರಳಿನ ಗಾತ್ರದ ಕನ್ನಡಿಗಳು, ಮಸೂರಗಳು, ಲೇಸರ್, ಕೊನೆಯಲ್ಲಿ ಬೆಳಕನ್ನು ಹಿಡಿಯುವ ಡಿಟೆಕ್ಟರ್. ಯಂತ್ರಗಳ ಪುಟ್ಟ ಸೂಚಕದೀಪಗಳ ಮೇಲೆಲ್ಲ ಕಪ್ಪು ಟೇಪು. ಕತ್ತಲಕ್ಕನ ಸ್ವೆಟರಿನ ತೋಳಿನ ಮೇಲೆ ಯಾವಾಗಲೂ ಟೇಪಿನ ನಾಲ್ಕಾರು ತುಂಡುಗಳು ಅಂಟಿಕೊಂಡೇ ಇರುತ್ತವೆ, ಬಸ್ಸಿನಲ್ಲಿ ಹೋಗುವಾಗಲೂ.

ಆ ಮೇಜಿನ ಮೇಲಿನ ಪ್ರತಿಯೊಂದು ಕನ್ನಡಿಯನ್ನೂ ಕೂರಿಸಿದವಳು ಅವಳೇ. ಅದರ ಬಗ್ಗೆ ಅವಳಿಗೆ ಹೆಮ್ಮೆ ಇದೆ, ಮುಚ್ಚಿಡುವ ಪೈಕಿಯಲ್ಲ. ಅವಳು ಕೂರಿಸದೇ ಇರುವುದು ಒಂದೇ ಒಂದು ಪೆಟ್ಟಿಗೆ: ಬೇಡದ ಬಣ್ಣದ ಬೆಳಕನ್ನು ತಡೆದು ಬೇಕಾದ್ದನ್ನು ಮಾತ್ರ ಬಿಡುವ ಫಿಲ್ಟರ್. ಅದನ್ನು ಅವಳ ಗುರುಗಳಾದ ಮೇಷ್ಟ್ರು ತಮ್ಮ ಪ್ರಾಯದಲ್ಲಿ ಕೈಯಾರೆ ಕಟ್ಟಿದ್ದು. ಅದರ ಮುಚ್ಚಳದ ಮೇಲೆ ಅವರೇ ಅಂಟಿಸಿದ ಚೀಟಿ: ಮುಟ್ಟಬೇಡಿ.

೨

ಈಗ ವಿಜ್ಞಾನ. (ಪುಟ ಹಾರಿಸಬೇಡಿ. ನನಗೂ ಅರ್ಧವೇ ಅರ್ಥವಾಗಿರುವುದು. ಆ ಅರ್ಧವನ್ನೇ ಹೇಳುತ್ತೇನೆ.)

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವುದನ್ನು ನೋಡಿರುತ್ತೀರಿ. ಮೈಯ ಸುತ್ತಲೂ ಬೇರೆ ಬೇರೆ ಕೋನದಿಂದ ನೆರಳು ತೆಗೆದು, ಎಲ್ಲವನ್ನೂ ಕೂಡಿಸಿ, ಒಳಗಿನ ಚಿತ್ರ ಕಟ್ಟುತ್ತಾರೆ. ಕತ್ತಲಕ್ಕ ಬೆಳಕಿಗೆ ಮಾಡುವುದೂ ಅದನ್ನೇ. ಅವಳಿಗೆ ಕೊನೆಯಲ್ಲಿ ಸಿಗುವುದು ಒಂದು ನಕ್ಷೆ. ಬೆಳಕು ಹೇಗಿರುವ ಸಂಭವ ಹೆಚ್ಚೋ ಅಲ್ಲಿ ದಿಬ್ಬ, ಸಂಭವವೇ ಇಲ್ಲದ ಕಡೆ ಬಯಲು. ಬಯಲಿನ ಮಟ್ಟ ಸೊನ್ನೆ. ಬೀದಿದೀಪದ ಬೆಳಕಿಗೆ, ಸೂರ್ಯನ ಬೆಳಕಿಗೆ, ಸಾಧಾರಣ ಲೇಸರಿಗೆ ಇಂಥ ನಕ್ಷೆ ತೆಗೆದರೆ ದಿಬ್ಬ ಬಯಲು ಬಿಟ್ಟು ಬೇರೇನೂ ಇರುವುದಿಲ್ಲ.

ಆದರೆ ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಒಂದೊಂದಾಗಿ ಬಿಡಿಸಿ ಅಳೆದರೆ ನಕ್ಷೆಯ ನಟ್ಟನಡುವೆ ಒಂದು ತಗ್ಗು ಬೀಳುತ್ತದೆ. ಆ ತಗ್ಗಿನ ತಳ ಬಯಲಿಗಿಂತ ಕೆಳಗೆ ಹೋಗುತ್ತದೆ. ಅಂದರೆ ಸೊನ್ನೆಗಿಂತ ಕಡಿಮೆ ಸಂಭವ. ಹಾಗಿರುವುದು ಸಾಧ್ಯವೇ ಇಲ್ಲ ಎಂದು ನೀವು ಹೇಳಿದರೆ ಭೌತಶಾಸ್ತ್ರಜ್ಞರೂ ಹೌದೆನ್ನುತ್ತಾರೆ. ಅದಕ್ಕೇ ಅದನ್ನು ಸಂಭವ ಎನ್ನದೆ ಅರೆಸಂಭವ ಎಂದು ಕರೆದು ಬಚಾವಾಗಿದ್ದಾರೆ. ಸೋಜಿಗವೆಂದರೆ ಅಳೆದ ಯಾವ ನೆರಳಿನಲ್ಲೂ ಮೈನಸ್ ಎಂಬುದಿಲ್ಲ. ಒಂದೊಂದೂ ಸಂಭಾವಿತ ನೆರಳೇ. ಎಲ್ಲವನ್ನೂ ಕೂಡಿಸಿದಾಗ ಮಾತ್ರ ಈ ತಗ್ಗು. ಹಳೆಯ ಭೌತಶಾಸ್ತ್ರದ ಯಾವ ಕಸರತ್ತಿನಿಂದಲೂ ಇಂಥದ್ದನ್ನು ತರಲಾಗುವುದಿಲ್ಲ. ತಗ್ಗು ಸೊನ್ನೆ ದಾಟಿತೋ, ಆ ಬೆಳಕು ಕ್ವಾಂಟಂ ಲೋಕದ್ದು, ಅಪೀಲಿಲ್ಲ.

ತೊಡಕು ಒಂದೇ. ದಾರಿಯಲ್ಲಿ ಬೆಳಕು ಸೋರಿದಷ್ಟೂ ತಗ್ಗು ತುಂಬಿಕೊಳ್ಳುತ್ತದೆ. ಒಂದೊಂದು ಕನ್ನಡಿಯೂ ತನ್ನ ಪಾಲನ್ನು ಚೂರುಚೂರು ತಿನ್ನುತ್ತದೆ. ಹೊರಟ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡಿಟೆಕ್ಟರ್ ಮುಟ್ಟಿದರೆ ತಳ ಸೊನ್ನೆಯ ಕೆಳಗಿರುತ್ತದೆ. ಅರ್ಧಕ್ಕಿಂತ ಕಡಿಮೆ ಮುಟ್ಟಿದರೆ ತಗ್ಗೇನೋ ಕಾಣುತ್ತದೆ, ತಳ ಮಾತ್ರ ಸೊನ್ನೆಯ ಮೇಲೇ ನಿಂತಿರುತ್ತದೆ. ಆಗ ಅದು ಬರೀ ಗುಂಡಿ.

ಹಾಗೆ ಸೋರಿದಾಗ ಹೆಚ್ಚಿನವರು ಸೋರಿದ ಬೆಳಕನ್ನು ಲೆಕ್ಕದಲ್ಲಿ ವಾಪಸ್ ಸೇರಿಸಿ ತಗ್ಗನ್ನು ತೋರಿಸುತ್ತಾರೆ. ಅದು ಮೋಸವಲ್ಲ, ಹಾಗೆಂದು ಬರೆದೇ ಮಾಡುತ್ತಾರೆ. ಕತ್ತಲಕ್ಕನಿಗೆ ಮಾತ್ರ ಏನನ್ನೂ ಸೇರಿಸದೆ ಅದನ್ನು ನೋಡಬೇಕು. ಈ ಲ್ಯಾಬಿನಲ್ಲಿ ಯಾರೂ ನೋಡಿಲ್ಲ. ಅವಳು ತಾನು ಕೂರಿಸಿದ ಕನ್ನಡಿಗಳ ಮೂಲಕ, ತಿದ್ದದ ಸಂಖ್ಯೆಯಲ್ಲಿ, ಸೊನ್ನೆಯ ಕೆಳಗೆ ಇಳಿಯಬೇಕು. ಈ ಕಥೆಯಲ್ಲಿ ಪಣಕ್ಕಿರುವುದು ಇದಿಷ್ಟೇ. ಪ್ರೇಮ, ಕೊಲೆ, ಆಸ್ತಿ ಬೇಕಾದವರು ಪಕ್ಕದ ಪುಸ್ತಕಕ್ಕೆ ಹೋಗಬಹುದು, ನನಗೆ ಬೇಸರವಿಲ್ಲ. (ಇದೆ.)

೩

ಅಮ್ಮ. ಕತ್ತಲಕ್ಕನ ಅಮ್ಮ. ಹೇಳಿದೆನಲ್ಲ, ಬಂದೇ ಬರುತ್ತಾರೆ ಎಂದು.

ಅವರು ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವ ವಯಸ್ಸಿನವರು ಎಷ್ಟು ಕಾಲ ಬದುಕುವ ಸಂಭವವಿದೆ ಎಂಬ ಪಟ್ಟಿಗಳ ಮಧ್ಯೆಯೇ ಅವರ ಆಯುಸ್ಸು ಕಳೆದಿದೆ. ಮಗಳ ಕೆಲಸವೇನೆಂದು ಮೊದಲ ಸಲ ಕೇಳಿದಾಗ ಕನ್ನಡಕ ಮೇಲೇರಿಸಿ ನೋಡಿದ್ದರು.

"ನೂರು ದಾಟಿದ ಮುದುಕನಿಗೂ ನಾವು ಸೊನ್ನೆ ಅಂತ ಬರೀತಿರಲಿಲ್ಲ, ಪುಟ್ಟಿ. ಬಿಂದು ಹಾಕಿ ಏನಾದ್ರೂ ಒಂದು ಕೊಡ್ತಿದ್ವಿ. ನೀನು ಸೊನ್ನೆಗಿಂತ ಕೆಳಗೆ ಹೋಗ್ತೀನಿ ಅಂತೀಯಲ್ಲ."

"ಇದು ಮನುಷ್ಯರದ್ದಲ್ಲಮ್ಮ, ಬೆಳಕಿನದ್ದು."

"ಬೆಳಕಿಗಾದ್ರೂ ಒಂದು ಮರ್ಯಾದೆ ಬೇಡ್ವಾ?"

ಹೀಗೆ ಹೇಳಿದವರೇ ಆಮೇಲೆ ಇಡೀ ಕಟ್ಟಡಕ್ಕೆ ಮಗಳ ಅರೆಸಂಭವವನ್ನು ಪಾಠ ಮಾಡಿದರು. ಅವರ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯ ಹಲ್ಲಿನ ಡಾಕ್ಟರಿಗೆ, ಕೆಳಗಿನ ಟೈಲರ್ ದಂಪತಿಗೆ, ಲಿಫ್ಟ್ ರಿಪೇರಿಗೆ ಬಂದವನಿಗೆ ಕೂಡ ಈ ವಿಷಯ ಗೊತ್ತು. ಡಾಕ್ಟರ್ ಒಮ್ಮೆ ಹಲ್ಲು ಕೊರೆಯುತ್ತ, "ನಿಮ್ಮ ಮಗಳ ತಗ್ಗು ಎಲ್ಲಿಗೆ ಬಂತು?" ಎಂದು ಕೇಳಿದರಂತೆ. ಬಾಯಿ ತೆರೆದುಕೊಂಡಿದ್ದ ಅಮ್ಮ ಉತ್ತರ ಹೇಳಲಾಗದೆ ಒದ್ದಾಡಿದರಂತೆ.

ಎರಡನೆಯ ಡ್ರಾಫ್ಟಿನಲ್ಲಿ ನಾನು ಅಮ್ಮನನ್ನು ತೆಗೆದುಹಾಕಿ ಕತ್ತಲಕ್ಕನಿಗೆ ಒಬ್ಬ ಗಂಭೀರ ಗಂಡನನ್ನು ಕೊಟ್ಟಿದ್ದೆ. ಆತ ಒಂದು ಮಾತೂ ಆಡಲಿಲ್ಲ. ಮೂರು ಪುಟ ಕಾದು ಅಮ್ಮನನ್ನು ವಾಪಸ್ ಕರೆತಂದೆ.

೪

ನಕ್ಷೆಯಲ್ಲಿ ನೀಲಿ ಕಂಡ ದಿನ ಹೀಗಾಯಿತು.

ಕತ್ತಲಕ್ಕ ಒಳಕೋಣೆಯಲ್ಲಿ ಕನ್ನಡಿಯ ತಿರುಪು ತಿರುಗಿಸುತ್ತ ಕೂತಿದ್ದಳು. ಹೊರಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಮೇಷ್ಟ್ರು. ಮೇಷ್ಟ್ರೆಂದರೆ ಈ ಲ್ಯಾಬ್ ಕಟ್ಟಿದವರು, ಅವಳ ಗುರುಗಳು, ವರ್ಷದ ಕೊನೆಗೆ ನಿವೃತ್ತರಾಗುವವರು. ಹೋಗುವ ಮೊದಲು ಸೊನ್ನೆಯ ಕೆಳಗಿನ ತಗ್ಗನ್ನು ನೋಡಬೇಕೆಂಬ ಆಸೆಯನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮೇಷ್ಟ್ರಿಗೆ ಕಣ್ಣು ಮಂಜು. ಏನೇ ಬಂದರೂ ಸ್ಕ್ರೀನಿನ ಮೇಲೆ ದೊಡ್ಡದು ಮಾಡಿ ನೋಡುವುದು ಅವರ ಅಭ್ಯಾಸ. ಅವತ್ತು ನಕ್ಷೆ ಬಂದ ಕೂಡಲೇ ನಡುಭಾಗವನ್ನು ಹಿಗ್ಗಿಸಿದರು. ನಡುವೆ ಕಡು ನೀಲಿ ಬೊಟ್ಟು. ಆ ಪ್ರೋಗ್ರಾಮಿನಲ್ಲಿ ನೀಲಿ ಎಂದರೆ ಅತಿ ಕೆಳಗಿನದು. ಮೇಷ್ಟ್ರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಅದೇ ಹೊತ್ತಿಗೆ ಹೊರಕೋಣೆಯ ಫೋನು ಹೊಡೆದುಕೊಂಡಿತು. ಮಗಳ ಮೊಬೈಲು ಕತ್ತಲ ಕೋಣೆಗೆ ಹೋಗುವಂತಿಲ್ಲವಾದ್ದರಿಂದ ಅಮ್ಮ ಯಾವಾಗಲೂ ಈ ಫೋನಿಗೇ ಮಾಡುತ್ತಿದ್ದರು.

"ನಿಮ್ಮ ಮಗಳು ಸಾಧಿಸಿಬಿಟ್ಲಮ್ಮ" ಅಂದರು ಮೇಷ್ಟ್ರು.

ಅಮ್ಮ ತಾವು ಯಾತಕ್ಕೆ ಫೋನ್ ಮಾಡಿದ್ದೆಂಬುದನ್ನೇ ಮರೆತು ಇಟ್ಟುಬಿಟ್ಟರು. ಅರ್ಧ ಗಂಟೆಯೊಳಗೆ ಅವರ ಇಡೀ ಅಪಾರ್ಟ್‌ಮೆಂಟಿಗೆ ಸುದ್ದಿ ಗೊತ್ತಾಗಿತ್ತು.

ಕತ್ತಲಕ್ಕ ಹೊರಗೆ ಬಂದು, ಮೇಷ್ಟ್ರ ಮುಖ ನೋಡಿ, ಸ್ಕ್ರೀನ್ ನೋಡಿ, ಆಮೇಲೆ ಸ್ಕ್ರೀನಿನ ಅಂಚಿನಲ್ಲಿದ್ದ ಬಣ್ಣದ ಪಟ್ಟಿಯನ್ನು ನೋಡಿದಳು. ಪಟ್ಟಿಯ ತಳದ ಸಂಖ್ಯೆಗೆ ಮೈನಸ್ ಇರಲಿಲ್ಲ. ಮೇಷ್ಟ್ರು ಹಿಗ್ಗಿಸಿದ್ದರಿಂದ ಸುತ್ತಲಿನ ಬಯಲು ಸ್ಕ್ರೀನಿನ ಆಚೆ ಹೋಗಿತ್ತು. ಕಂಪ್ಯೂಟರು ಉಳಿದದ್ದರಲ್ಲೇ ಕೆಳಗಿನದು ಯಾವುದೆಂದು ಹುಡುಕಿ ಅದಕ್ಕೆ ನೀಲಿ ಬಳಿದಿತ್ತು. ತಗ್ಗು ನಿಜ. ತಳ ಸೊನ್ನೆಯಿಂದ ಸ್ವಲ್ಪ ಮೇಲೆ. ಡಿಟೆಕ್ಟರ್ ಮುಟ್ಟಿದ ಬೆಳಕು ನೂರಕ್ಕೆ ನಲವತ್ತಾರು.

"ಸರ್, ಇದು ಗುಂಡಿ" ಅಂದಳು.

ಮೇಷ್ಟ್ರು ಕುರ್ಚಿ ಎಳೆದುಕೊಂಡರು.

"ಹೋಗಲಿ ಬಿಡು. ಎಷ್ಟು ಸೋರಿದೆ ಅಂತ ಗೊತ್ತಲ್ಲ, ಅದನ್ನ ಲೆಕ್ಕದಲ್ಲಿ ಸೇರಿಸಿದ್ರೆ ತಳ ತಾನಾಗೇ ಕೆಳಗೆ ಇಳಿಯುತ್ತೆ. ನಷ್ಟ ಸರಿಪಡಿಸಿದ ಮೇಲೆ ಅಂತ ರಿಸರ್ಚ್ ಪೇಪರಲ್ಲಿ ಬರೀತೀವಿ. ಮುಚ್ಚುಮರೆ ಏನಿಲ್ಲ. ಎಲ್ಲರೂ ಮಾಡೋದೇ."

"ಗೊತ್ತು ಸರ್. ತಪ್ಪು ಅಂತ ನಾನೂ ಹೇಳ್ತಿಲ್ಲ."

"ಮತ್ತೇನು?"

"ಸೋರಿದ್ದು ಎಲ್ಲಿ ಅಂತ ಗೊತ್ತಿಲ್ಲ ಸರ್. ಒಂದೊಂದು ಭಾಗದ್ದೂ ಲೆಕ್ಕ ಹಾಕಿದ್ರೆ ಐವತ್ತೈದು ಬರ್ಬೇಕು. ಬಂದಿರೋದು ನಲವತ್ತಾರು. ಎಲ್ಲಿ ಹೋಯ್ತು ಅಂತ ಗೊತ್ತಿಲ್ಲದ್ದನ್ನ ವಾಪಸ್ ಹೇಗೆ ಸೇರಿಸೋದು?"

"ಹಠ ಮಾಡ್ಬೇಡ."

"ಹಠ ಅಲ್ಲ ಸರ್." ಸ್ವಲ್ಪ ಯೋಚಿಸಿದಳು. "ಹೌದು, ಹಠಾನೇ."

೫

ಇಲ್ಲಿ ನಾನೊಂದು ಕೆಲಸ ಮಾಡಿದೆ. ಒಳ್ಳೆಯದಾಗಲೆಂದೇ ಮಾಡಿದೆ. ನಾಲ್ಕನೆಯ ಭಾಗಕ್ಕೆ ವಾಪಸ್ ಹೋಗಿ ನಲವತ್ತಾರನ್ನು ಐವತ್ತಾರು ಮಾಡಿದೆ. ನನ್ನ ಕಥೆ, ನನ್ನ ಕೀಬೋರ್ಡು. ಒಂದು ಅಂಕಿ ಬದಲಿಸಿದರೆ ಯಾರಪ್ಪನ ಗಂಟು ಹೋಗುತ್ತದೆ? ಮೇಷ್ಟ್ರು ನಗುತ್ತಾರೆ, ಅಮ್ಮನ ಮಾತು ಉಳಿಯುತ್ತದೆ, ನನಗೂ ರಾತ್ರಿ ಊಟ ಸೇರುತ್ತದೆ.

ಕತ್ತಲಕ್ಕ ಟೇಪಿನ ತುಂಡುಗಳ ಸಮೇತ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಇದನ್ನ ಯಾರು ತಿದ್ದಿದ್ದು?"

"ಕಥೆಗಾರನಿಗೆ ಅಷ್ಟೂ ಅಧಿಕಾರ ಇಲ್ವಾ?"

"ಇದೆ. ನನಗೆ ಗಂಡನ್ನ ಕೊಟ್ರಿ, ಕಿತ್ಕೊಂಡ್ರಿ, ಏನಾದ್ರೂ ಕೇಳಿದ್ನಾ? ಆದ್ರೆ ಈ ಸಂಖ್ಯೆ ನಂದು. ನಾನು ಅಳೆದದ್ದು. ನೀವು ದಾನ ಕೊಟ್ಟ ಹತ್ತು ನನಗೆ ಬೇಡ."

"ಓದುಗರಿಗೆ ಗೊತ್ತಾಗಲ್ಲ."

"ಓದೋರಲ್ಲಿ ನನ್ನ ಥರ ಕೆಲಸ ಮಾಡೋಳು ಒಬ್ಬಳಿದ್ರೂ ಗೊತ್ತಾಗುತ್ತೆ. ಐವತ್ತಾರು ಮುಟ್ಟಿದೆ ಅಂದ್ಮೇಲೆ ತಳ ಸೊನ್ನೆಯ ಮೇಲೆ ಹೇಗೆ ನಿಲ್ಲುತ್ತೆ ಅಂತ ಕೇಳ್ತಾಳೆ. ಏನು ಹೇಳ್ತೀರಿ ಅವಳಿಗೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. (ಈಗಲೂ ಇಲ್ಲ. ಅಂಥವರು ಯಾರಾದರೂ ಓದುತ್ತಿದ್ದರೆ ನಮಸ್ಕಾರ. ಅರೆಸಂಭವದ ಬಗ್ಗೆ ಮೇಲೆ ಹೇಳಿದ್ದರಲ್ಲಿ ಏನಾದರೂ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

"ತಿದ್ದಿದ್ದನ್ನ ವಾಪಸ್ ತಗೊಳ್ಳದಿದ್ರೆ ನಾನು ಎದ್ದು ಹೋಗ್ತೀನಿ. ಅಮ್ಮನ್ನ ಇಟ್ಕೊಂಡು ಕಥೆ ನಡೆಸಿ."

ಅಮ್ಮನೊಬ್ಬರನ್ನೇ ಇಟ್ಟುಕೊಂಡು ಕಥೆ ನಡೆಸುವುದನ್ನು ಒಂದು ಕ್ಷಣ ಊಹಿಸಿಕೊಂಡೆ. ಐವತ್ತಾರನ್ನು ಅಳಿಸಿ ನಲವತ್ತಾರು ಮಾಡಿದೆ. ಹೋಗಿ ನೋಡಿ, ಹಾಗೇ ಇದೆ. ನಿಜ ಹೇಳಬೇಕೆಂದರೆ ಅವಳು ಹೋದ ಮೇಲೆ ನನಗೆ ನಾಚಿಕೆಗಿಂತ ಹೆಚ್ಚಾಗಿ ಖುಷಿಯಾಯಿತು. ನಾನು ಬರೆದ ಪಾತ್ರ ನನ್ನ ಮಾತು ಕೇಳಲಿಲ್ಲ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ.

೬

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಮಗಳು ಚಪ್ಪಲಿ ಕಳಚುವ ಮೊದಲೇ ವಿಷಯ ಹೇಳಿಬಿಟ್ಟಳು.

"ಸಿಕ್ಕಿಲ್ಲಮ್ಮ. ಸರ್ ಆತುರಪಟ್ರು."

ಅಮ್ಮ ಒಳಗೆ ಹೋಗಿ ಕೂತರು. ಮುಖ ಸಪ್ಪಗಾಗಿತ್ತು, ಅದನ್ನು ಅಡಗಿಸಲು ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಿದ್ದರು.

"ಎಷ್ಟರಲ್ಲಿ ತಪ್ಪಿತು?"

"ಸ್ವಲ್ಪದರಲ್ಲಿ."

"ಸರಿ ಮಾಡಿ ಬರೆಯೋಕೆ ಬರಲ್ವಾ? ನಮ್ಮಲ್ಲೂ ಪಟ್ಟಿಗಳನ್ನ ಸರಿದೂಗಿಸ್ತಿದ್ವಿ."

"ಬರುತ್ತೆ. ಎಲ್ಲರೂ ಬರೀತಾರೆ. ಸರ್ ಕೂಡ ಹಾಗೇ ಮಾಡು ಅಂದ್ರು."

"ಮತ್ತೆ ನೀನು?"

"ಇದ್ದಿರಬೇಕು ಅಂತ ಹೇಳೋಕೆ ನನಗಿಷ್ಟ ಇಲ್ಲಮ್ಮ. ಇದೆ ಅಂತ ಹೇಳ್ಬೇಕು."

ಅಮ್ಮ ಕನ್ನಡಕ ಹಾಕಿಕೊಂಡು ಮಗಳನ್ನು ನೋಡಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟರು.

ಈ ಜಾಗದಲ್ಲಿ ಮೂರನೆಯ ಡ್ರಾಫ್ಟು ಅಮ್ಮನನ್ನು ಮನೆಯೊಳಗೆ ಅಳುತ್ತ ಕೂರಿಸಿತ್ತು. ಅದನ್ನು ಓದಿದ ಅಮ್ಮ ನನ್ನನ್ನು ನೋಡಿದ ನೋಟ ಈಗಲೂ ಬೆನ್ನಿನ ಮೇಲಿದೆ. ಅವರು ಅಳಲಿಲ್ಲ. ಮೊದಲು ಟೈಲರ್ ದಂಪತಿಯ ಮನೆಯ ಬೆಲ್ ಒತ್ತಿದರು, ಆಮೇಲೆ ಉಳಿದ ಮನೆಗಳದ್ದು, ಕೊನೆಗೆ ಹಲ್ಲಿನ ಡಾಕ್ಟರದ್ದು. ಎಲ್ಲ ಕಡೆಯೂ ಅದೇ ಮಾತು.

"ಮಧ್ಯಾಹ್ನ ಹೇಳಿದ್ನಲ್ಲ, ಅದು ಸರಿಯಲ್ಲ. ನನ್ನ ಮಗಳಿಗೆ ಇನ್ನೂ ಸಿಕ್ಕಿಲ್ಲ. ಸಿಕ್ಕಿತು ಅಂತ ಬರೆದು ಹಾಕಬಹುದಿತ್ತಂತೆ, ಅದಕ್ಕೆ ದಾರೀನೂ ಇದೆಯಂತೆ, ಅವಳ ಮೇಷ್ಟ್ರೇ ಬರಿ ಅಂದ್ರಂತೆ. ಅವಳು ಬರೀಲಿಲ್ಲ."

ಹಲ್ಲಿನ ಡಾಕ್ಟರ್ ತಮಾಷೆಯ ಮನುಷ್ಯ. "ಅಲ್ಲ, ಸಿಕ್ಕಿದ್ದಕ್ಕೂ ಹೆಮ್ಮೆ, ಸಿಗದೇ ಇದ್ದದ್ದಕ್ಕೂ ಹೆಮ್ಮೆನಾ ನಿಮಗೆ?" ಅಂದರು.

"ಮಧ್ಯಾಹ್ನಕ್ಕಿಂತ ಈಗ ಹೆಚ್ಚು" ಎಂದು ಅಮ್ಮ ಮೆಟ್ಟಿಲಿಳಿದು ಬಂದರು.

ಕತ್ತಲಕ್ಕ ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕಟ್ಟಡದ ಗೋಡೆಗಳು ತೆಳು, ಅಮ್ಮನ ದನಿ ದಪ್ಪ. ತಾನು ಸಣ್ಣವಳಿದ್ದಾಗ ಬಹುಮಾನ ತಂದ ದಿನವೂ ಅಮ್ಮನ ದನಿ ಇಷ್ಟು ಎತ್ತರಕ್ಕೆ ಹೋಗಿರಲಿಲ್ಲ ಎಂದು ಅವಳಿಗನ್ನಿಸಿತು. ಅವಳು ತಟ್ಟೆ ಹಾಕಿ ಇಬ್ಬರಿಗೂ ಬಡಿಸಿದಳು.

೭

ಇನ್ನು ಆ ಒಂಬತ್ತು ಪಾಲು ಎಲ್ಲಿ ಸೋರುತ್ತಿದೆ?

ಅವಳು ಕನ್ನಡಿಗಳನ್ನೆಲ್ಲ ಇನ್ನೊಮ್ಮೆ ಅಳೆದಳು. ಮಸೂರಗಳನ್ನು ತೊಳೆದಳು. ಡಿಟೆಕ್ಟರನ್ನು ಬಿಚ್ಚಿ ಕೂರಿಸಿದಳು. ಎಲ್ಲವೂ ಸರಿ. ಅಳೆಯದೆ ಉಳಿದದ್ದು ಮೇಷ್ಟ್ರ ಫಿಲ್ಟರ್ ಪೆಟ್ಟಿಗೆ ಒಂದೇ. ಅದು ತನಗೆ ಬಂದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತನ್ನು ದಾಟಿಸುತ್ತದೆ ಎಂದು ಲ್ಯಾಬಿನಲ್ಲಿ ಎಲ್ಲ ಲೆಕ್ಕಗಳಲ್ಲೂ ಬರೆಯುತ್ತ ಬಂದಿದ್ದರು. ಆ ತೊಂಬತ್ತನ್ನು ಮೇಷ್ಟ್ರು ಪೆಟ್ಟಿಗೆ ಕಟ್ಟಿದ ಹೊಸದರಲ್ಲಿ ಅಳೆದದ್ದು. ಆಮೇಲೆ ಎಷ್ಟೋ ಮಂದಿ ಬಂದರು, ಕಲಿತರು, ಡಾಕ್ಟರೇಟ್ ಪಡೆದು ಹೋದರು. ಪಕ್ಕದ ಕನ್ನಡಿಯನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೂರಿಸಿದವರೂ ಆ ಚೀಟಿ ನೋಡಿ ಕೈಕಟ್ಟಿ ನಿಂತರು. ಮುಟ್ಟಬೇಡಿ ಎಂದಿದ್ದನ್ನು ಅಳೆಯಬೇಡಿ ಎಂದೂ ಓದಿಕೊಂಡಿದ್ದರು. ಗೌರವ ಎಂಬುದು ಹೀಗೂ ಕೆಲಸ ಮಾಡುತ್ತದೆ. ಕತ್ತಲಕ್ಕನೂ ಹಾಗೇ ಓದಿಕೊಂಡಿದ್ದಳು, ಈ ವಾರದವರೆಗೆ.

ಮೇಷ್ಟ್ರನ್ನು ಕೇಳುವ ದೃಶ್ಯವನ್ನು ನಾನು ಬಹಳ ಸಲ ಬರೆದೆ. ಒಂದರಲ್ಲಿ ಅವಳು ಸಿಡಿದೇಳುತ್ತಾಳೆ. "ನಾನು ಸರ್ ಮುಂದೆ ದನಿ ಎತ್ತಲ್ಲ" ಎಂದು ಅವಳೇ ಹೊಡೆದುಹಾಕಿದಳು. ಇನ್ನೊಂದರಲ್ಲಿ ರಜೆಯ ದಿನ ಬಂದು ಕದ್ದು ಅಳೆಯುತ್ತಾಳೆ. ಅದಕ್ಕೆ "ಕಳ್ಳಿ ಮಾಡ್ತೀರಾ ನನ್ನ?" ಎಂದಳು. ಕೊನೆಗೆ ಸುಮ್ಮನೆ ಅವಳ ಹಿಂದೆ ಹೋಗಿ ನೋಡಿದೆ.

ಮೇಷ್ಟ್ರು ತಮ್ಮ ಕೋಣೆಯಲ್ಲಿ ಕಪಾಟು ಖಾಲಿ ಮಾಡುತ್ತಿದ್ದರು. ನೀಲಿಯ ದಿನದಿಂದ ಮುಖ ಊದಿಸಿಕೊಂಡೇ ಇದ್ದರು. ಅವಳು ಬಾಗಿಲಲ್ಲಿ ನಿಂತಳು.

"ಸರ್, ನಿಮ್ಮ ಪೆಟ್ಟಿಗೆ ಒಂದ್ಸಲ ಅಳೀಬೇಕು."

ಮೇಷ್ಟ್ರ ಕೈ ಕಪಾಟಿನೊಳಗೇ ನಿಂತಿತು.

"ಎಲ್ಲಾ ನೋಡಿದ್ಯಾ?"

"ಎಲ್ಲಾ ನೋಡ್ದೆ ಸರ್."

"ನಾಳೆ ಬಾ" ಅಂದರು.

ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಮೇಜಿನ ಮೇಲಿತ್ತು. ಮೇಷ್ಟ್ರು ಸ್ವೆಟರಿನ ತೋಳು ಮಡಚಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಒಳಗೆ ಇಣುಕುತ್ತಿದ್ದರು. ಅವಳನ್ನು ನೋಡಿ ಟಾರ್ಚು ತೆಗೆದರು.

"ಮುಕ್ಕಾಲು ಪಾಲು ದಾಟೋದೇ ಹೆಚ್ಚು. ಒಳಗಿನ ಲೇಪ ಮಬ್ಬಾಗಿಹೋಗಿದೆ. ಎಷ್ಟು ವರ್ಷ ಆಯ್ತೋ ಏನೋ." ಮುಚ್ಚಳವನ್ನು ಕೈಗೆತ್ತಿಕೊಂಡರು. "ಬೇರೆಯವರು ಮುಟ್ಟಬಾರದು ಅಂತ ಹಾಕಿದ ಚೀಟಿ. ನಾನೂ ಮುಟ್ಟಿಲ್ಲ ನೋಡು."

"ಇದರಲ್ಲೇ ಸರ್ ನಾವೆಲ್ಲ ಕಲಿತದ್ದು" ಅಂದಳು.

"ನೀನು ನನ್ನ ಮಾತು ಕೇಳಿ ಬರೆದುಬಿಟ್ಟಿದ್ರೆ, ಪೇಪರಲ್ಲಿ ಈ ಪೆಟ್ಟಿಗೆ ಮುಂದೆ ತೊಂಬತ್ತು ಅಂತ ಅಚ್ಚಾಗಿರ್ತಿತ್ತು, ನನ್ನ ಹೆಸರಲ್ಲಿ." ಮೇಷ್ಟ್ರು ಕೈ ಒರೆಸಿಕೊಂಡರು. "ಹಠ ಮಾಡಿದ್ದು ಒಳ್ಳೇದಾಯ್ತು. ಬಾ, ಇದನ್ನ ಇಳಿಸೋಣ, ಒಂದು ಕಡೆ ಹಿಡ್ಕೋ."

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಮೇಜಿನಿಂದ ಇಳಿಸಿದರು. ಅದು ಕಂಡದ್ದಕ್ಕಿಂತ ಭಾರವಿತ್ತು. ಹೊಸ ಫಿಲ್ಟರನ್ನು ಕತ್ತಲಕ್ಕ ಕಟ್ಟಿದಳು. ಮೇಷ್ಟ್ರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ತಿರುಪು, ಸ್ಪ್ಯಾನರ್ ಕೊಡುತ್ತಿದ್ದರು. ತಪ್ಪು ಗಾತ್ರದ್ದು ಕೊಟ್ಟಾಗ ಅವಳು ಸುಮ್ಮನೆ ಕೈ ಚಾಚಿಕೊಂಡೇ ಇರುತ್ತಿದ್ದಳು, ಅವರು ಗೊಣಗುತ್ತ ಬೇರೆಯದನ್ನು ಹುಡುಕುತ್ತಿದ್ದರು. ಹೊಸ ಫಿಲ್ಟರಿನ ಮೇಲೆ ಯಾರೂ ಏನನ್ನೂ ಅಂಟಿಸಲಿಲ್ಲ.

೮

ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುವುದು ನನ್ನಂಥವರ ವಾಡಿಕೆ.

(ಅ) ಸಂಖ್ಯೆ ಮೈನಸ್ ಬರುತ್ತದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಕತ್ತಲಕ್ಕನ ಟಿಪ್ಪಣಿ: "ಅಳತೆ ನಡೆಯೋವಾಗ ಕೆಮ್ಮೋಕೂ ಬಿಡಲ್ಲ ನಾನು, ಚಪ್ಪಾಳೆಯಂತೆ."

(ಆ) ಸಂಖ್ಯೆ ಮತ್ತೆ ಪ್ಲಸ್ ಬರುತ್ತದೆ. ಅವಳು ಸೋಲನ್ನು ಮುಗುಳ್ನಗೆಯಿಂದ ಸ್ವೀಕರಿಸುತ್ತಾಳೆ. ಟಿಪ್ಪಣಿ: "ಮುಗುಳ್ನಗೆ ಯಾಕೆ? ನನಗೆ ಸಿಟ್ಟು ಬರುತ್ತೆ."

(ಇ) ಸಂಖ್ಯೆ ಏನೆಂದು ಕಥೆಗಾರ ಹೇಳುವುದಿಲ್ಲ. ಇದು ನನಗೆ ಬಹಳ ಹಿಡಿಸಿತ್ತು. ಅಮ್ಮ ಬಿಡಲಿಲ್ಲ. "ಇಷ್ಟು ಹೊತ್ತು ಕೂರಿಸ್ಕೊಂಡು ಹೇಳಲ್ಲ ಅಂದ್ರೆ ಅದಕ್ಕೆ ಹೇಡಿತನ ಅಂತಾರೆ ನಮ್ಮಲ್ಲಿ."

ಆದ್ದರಿಂದ ಆದದ್ದನ್ನು ಹೇಳುತ್ತೇನೆ.

ಅವತ್ತು ಬೆಳಿಗ್ಗೆ ಅಮ್ಮ ಮಗಳ ಜೊತೆಗೇ ಲ್ಯಾಬಿಗೆ ಬಂದರು. ಹೊರಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಮೂರು ಕುರ್ಚಿ. ಕತ್ತಲಕ್ಕ ಈ ಸಲ ನಕ್ಷೆಯ ಬಣ್ಣಗಳನ್ನೇ ತೆಗೆದುಹಾಕಿದ್ದಳು. ಕೊನೆಯಲ್ಲಿ ಬರುವುದು ತಗ್ಗಿನ ತಳದ ಒಂದು ಸಂಖ್ಯೆ, ಅಷ್ಟೇ. ಪ್ರೋಗ್ರಾಮಿನಲ್ಲಿ ನಷ್ಟ ತುಂಬಿಸುವ ಸಾಲನ್ನು ಅಮ್ಮನಿಗೂ ಮೇಷ್ಟ್ರಿಗೂ ತೋರಿಸಿ ಅಳಿಸಿದ್ದಳು. ಒಳಗೆ ಕತ್ತಲಲ್ಲಿ ಬೆಳಕು ಒಂದೊಂದೇ ಕಣವಾಗಿ ಕನ್ನಡಿಯಿಂದ ಕನ್ನಡಿಗೆ ಹೋಗುತ್ತಿತ್ತು. ಹೊರಗೆ ಯಾರೂ ಮಾತಾಡಲಿಲ್ಲ. ಅಮ್ಮ ಕೂಡ. (ಇದನ್ನು ನೀವು ನಂಬುವುದಿಲ್ಲವೆಂದು ಗೊತ್ತು.)

ಮೊದಲು ಒಂದು ಚಿಕ್ಕ ಅಡ್ಡಗೆರೆ ಬಂತು. ಅದರ ಹಿಂದೆ ಅಂಕಿಗಳು. ಮೈನಸ್ ಸೊನ್ನೆ ಬಿಂದು ಸೊನ್ನೆ ಮೂರು.

ಮೇಷ್ಟ್ರು ಕನ್ನಡಕ ತೆಗೆದು ಮುಖವನ್ನು ಸ್ಕ್ರೀನಿಗೆ ತಾಗುವಷ್ಟು ಹತ್ತಿರ ಒಯ್ದರು.

"ಏನೂ ಸೇರಿಸಿಲ್ಲ ತಾನೇ?"

"ಏನೂ ಸೇರಿಸಿಲ್ಲ ಸರ್. ಬಂದದ್ದು ಬಂದ ಹಾಗೆ."

ಅವರು ಹಾಗೇ ನೋಡುತ್ತಿದ್ದರು. ಆಮೇಲೆ ಅಮ್ಮನ ಕಡೆ ತಿರುಗಿದರು. "ನಾನು ಎಷ್ಟೋ ಜನಕ್ಕೆ ಕಲಿಸಿದ್ದೀನಮ್ಮ. ನನ್ನ ತಪ್ಪನ್ನ ನನಗೇ ಅಳೆಯೋಕೆ ಬಿಟ್ಟೋಳು ಇವಳೊಬ್ಬಳೇ. ನನಗೆ ಇವಳ ಬಗ್ಗೆ ಹೆಮ್ಮೆ ಇದೆ."

ಕತ್ತಲಕ್ಕ ಆ ಅಡ್ಡಗೆರೆಯನ್ನು ನೋಡುತ್ತ ಕೂತಿದ್ದಳು. ಮುಖದಲ್ಲಿ ನಗು ಮೂಡಿತ್ತು, ನಾನು ಬರೆದ ಯಾವ ಡ್ರಾಫ್ಟಿನಲ್ಲೂ ಇಲ್ಲದಂಥದ್ದು. ಇಲ್ಲಿಗೆ ನಿಲ್ಲಿಸೋಣ, ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂದುಕೊಂಡು ನಾನು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈ ಹಾಕಿದೆ.

"ಎಲ್ಲಿಗೆ ಹೊರಟ್ರಿ?" ಅವಳು ಆಗಲೇ ಎದ್ದಿದ್ದಳು. "ಒಂದು ಸಲ ಬಂದದ್ದನ್ನ ನಾನು ನಂಬಲ್ಲ. ಈಗ ಬೆಳಕನ್ನ ಪೂರ್ತಿ ತಡೆದು ಖಾಲಿ ಅಳೀಬೇಕು. ಖಾಲಿಗೂ ಮೈನಸ್ ಬಂದ್ರೆ ನನ್ನ ಯಂತ್ರ ಸುಳ್ಳು ಹೇಳ್ತಿದೆ ಅಂತ. ಅದು ಸರಿ ಬಂದ್ರೆ ಕನ್ನಡಿಗಳನ್ನೆಲ್ಲ ಕದಲಿಸಿ ಮೊದಲಿಂದ ಕೂರಿಸಿ, ಮತ್ತೆ."

"ಸಂಜೆಯೊಳಗೆ ಆಗುತ್ತಾ?" ಎಂದೆ.

"ಗೊತ್ತಿಲ್ಲ."

"ಅದೂ ಹಾಗೇ ಬಂದ್ರೆ ಮುಗೀತಾ?"

"ಗೊತ್ತಿಲ್ಲ ಅಂದ್ನಲ್ಲ" ಎಂದು ಪರದೆ ಸರಿಸಿ ಒಳಗೆ ಹೋದಳು. ಮೇಷ್ಟ್ರು ಟೇಪಿನ ಸುರುಳಿ ಹಿಡಿದುಕೊಂಡು ಅವಳ ಹಿಂದೆ ಹೋದರು.

ನಾನು ಅಮ್ಮನ ಕಡೆ ನೋಡಿದೆ. ಅಲ್ಲಿ ಮನೆಯ ಕಡೆ ಇಡೀ ಕಟ್ಟಡ ಕಾಯುತ್ತಿದೆ. ಇವರೀಗ ಚೀಲ ಹೆಗಲಿಗೇರಿಸಿ ಓಡುತ್ತಾರೆ, ಇವರ ಬೆನ್ನಿಗೆ ನಾನೂ ಜಾರಿಕೊಳ್ಳಬಹುದು ಎಂದು ಲೆಕ್ಕ ಹಾಕಿದ್ದೆ. ಅಮ್ಮನ ಎದೆ ಉಬ್ಬಿತ್ತು, ಕಣ್ಣು ತುಂಬಿತ್ತು. ಮೊಬೈಲು ಕೈಯಲ್ಲೇ ಇತ್ತು. ಅವರು ಅದನ್ನು ಆಫ್ ಮಾಡಿ ಚೀಲದೊಳಗೆ ಹಾಕಿದರು. ಕುರ್ಚಿಯಲ್ಲಿ ಹಿಂದಕ್ಕೊರಗಿ, ಕಾಲು ಮಡಚಿ, ಸರಿಯಾಗಿ ಕೂತರು.

"ನೀವು ಹೊರಡೋದಾದ್ರೆ ಹೊರಡಿ" ಅಂದರು ನನಗೆ. "ನಾನು ಕೂತಿರ್ತೀನಿ. ಅವಳು ಅಳೀತಿದ್ದಾಳೆ."